ಪೀಟರ್, ಶಹರಜಾದೆ, ಮದರ್ ಗೂಸ್: ಮೊದಲು ಯಾವುದನ್ನು ಕೇಳಬೇಕು?

ಮೂರೂ ಪಾಶ್ಚಾತ್ಯ ವಾದ್ಯವೃಂದ ಕಥೆ ಹೇಳುವ ಸಂಗೀತ ಕೃತಿಗಳು. ಮನೆಯಲ್ಲಿ ಮಕ್ಕಳಿದ್ದರೆ ಪ್ರೊಕೊಫಿಯೆವ್‌ನ ‘ಪೀಟರ್ ಮತ್ತು ತೋಳ’ ಹಾಕಿ. ನೀವೊಬ್ಬರೇ ಕೇಳುವುದಾದರೆ ರವೆಲ್‌ನ ‘ಮದರ್ ಗೂಸ್’. ರಿಮ್ಸ್ಕಿ-ಕೊರ್ಸಕೊವ್‌ನ ‘ಶಹರಜಾದೆ’ಯನ್ನು ಕಿವಿ ಸ್ವಲ್ಪ ಪಳಗಿದ ಮೇಲೆ ನೋಡೋಣ. ಕಲಬುರಗಿಯ ಬೇಸಿಗೆಯಲ್ಲಿ ಒಳಗೆ ಮಲಗುವಂತಿಲ್ಲ. ಮಾಳಗಿ ಮೇಲೆ ಅಣ್ಣನ ಮಗಳ ಜೊತೆ ಮೂರನ್ನೂ ಕೇಳಿದ ಮೇಲೆ ನಾನು ಹೇಳುವುದು ಇಷ್ಟು.

‘ಪೀಟರ್’ 1936ರದು, ಮಕ್ಕಳಿಗೆಂದೇ ಬರೆದದ್ದು. ಪಾತ್ರಕ್ಕೊಂದು ವಾದ್ಯ: ಹಕ್ಕಿಗೆ ಕೊಳಲು, ಬಾತುಕೋಳಿಗೆ ಓಬೋ, ಬೆಕ್ಕಿಗೆ ಕ್ಲಾರಿನೆಟ್, ತೋಳಕ್ಕೆ ಮೂರು ಹಾರ್ನ್. ಅಜ್ಜನ ಪಾಲಿಗೆ ಗೊಣಗುವ ಬಸೂನ್. ಅದು ಬಂದಾಗೆಲ್ಲ ಹುಡುಗಿ ‘ಕಾಕಾ, ಮುತ್ಯಾ ಬೈಲತ್ತಾನ!’ ಅನ್ನುತ್ತಿದ್ದಳು. ನಮಗೆ ಸಿಕ್ಕಿದ್ದರಲ್ಲಿ ಕಥೆ ಹೇಳುವ ದನಿ ಇಂಗ್ಲಿಷಿನದು, ಅದಕ್ಕೆ ಮೊದಲೇ ನಮ್ಮ ಮಾತಿನಲ್ಲಿ ಕಥೆ ಹೇಳಿಬಿಟ್ಟಿದ್ದೆ. ತೋಳ ಗಬಕ್ಕನೆ ನುಂಗಿದ ಬಾತುಕೋಳಿ ಕೊನೆಗೆ ಅದರ ಹೊಟ್ಟೆಯೊಳಗಿಂದ ಓಬೋದಲ್ಲಿ ಕೂಗುತ್ತದೆ. ಅಲ್ಲಿ ಫೋನಿಗೆ ಕಿವಿ ಹಚ್ಚಿ ಕೂತಳು. ದೊಡ್ಡವರಿಗೆ ಮಾತ್ರ ಬೇಗ ಸಾಕೆನಿಸುತ್ತದೆ.

ಅಲಿಫ್ ಲೈಲಾ (ಅರೇಬಿಯನ್ ನೈಟ್ಸ್) ಗೊತ್ತಿಲ್ಲದವರು ನಮ್ಮೂರಲ್ಲಿ ಕಡಿಮೆ, ಅದರಲ್ಲಿ ಸುಲ್ತಾನನಿಗೆ ಕಥೆ ಹೇಳುವವಳೇ ಶಹರಜಾದೆ. ಹಾಗಾಗಿ ‘ಶಹರಜಾದೆ’ಯೇ (1888) ಗೆಲ್ಲುತ್ತದೆ ಅಂದುಕೊಂಡಿದ್ದೆ. ಸುಲ್ತಾನನ ದರ್ಪ ಹಿತ್ತಾಳೆ ವಾದ್ಯಗಳಲ್ಲಿ ಅಬ್ಬರಿಸುತ್ತದೆ, ಆಮೇಲೆ ಹಾರ್ಪ್ ಜೊತೆ ಒಂಟಿ ಪಿಟೀಲು ಕಥೆಗೆ ಕೂರುತ್ತದೆ. ಆ ಪಿಟೀಲಿಗೆ ಸಾಟಿಯಿಲ್ಲ, ನಿಜ. ಆದರೆ ನಾಲ್ಕು ಭಾಗ, ಮುಕ್ಕಾಲು ಗಂಟೆ. ಯಾವ ಕಥೆ ನಡೆದಿದೆ ಅಂತ ಹೇಳುವವರೂ ಇಲ್ಲ. ಎರಡನೇ ಭಾಗಕ್ಕೇ ಹುಡುಗಿಗೆ ನಿದ್ದೆ.

‘ಮದರ್ ಗೂಸ್’ ಮೊದಲು ಇಬ್ಬರು ಮಕ್ಕಳು ಒಂದೇ ಪಿಯಾನೋ ಮುಂದೆ ಕೂತು ನುಡಿಸಲೆಂದು ಬರೆದದ್ದು. 1911ರಲ್ಲಿ ರವೆಲ್ ಅದನ್ನು ವಾದ್ಯವೃಂದಕ್ಕೆ ಹೊಂದಿಸಿದ. ಐದೇ ತುಣುಕು, ಇಪ್ಪತ್ತು ನಿಮಿಷವೂ ಇಲ್ಲ. ದಾರಿ ತಪ್ಪದಿರಲೆಂದು ಹುಡುಗ ಕಾಡಿನಲ್ಲಿ ಚೆಲ್ಲಿದ ಬ್ರೆಡ್ ಚೂರುಗಳನ್ನು ಹಕ್ಕಿಗಳು ತಿಂದುಬಿಡುವ ತುಣುಕು ಚೆಂದ. ಅದಕ್ಕಿಂತ ಚೆಂದ ‘ಸುಂದರಿ ಮತ್ತು ಮೃಗ’. ಸುಂದರಿ ಕ್ಲಾರಿನೆಟ್, ಮೃಗ ಕಾಂಟ್ರಾಬಸೂನ್. ಫೋನ್ ಸ್ಪೀಕರಿನಲ್ಲಿ ಹಾಕಿದರೆ ಮೃಗವೇ ಮಾಯ! ಅಷ್ಟು ತಗ್ಗಿನ ಸ್ವರ ಆ ಸಣ್ಣ ಸ್ಪೀಕರಿನಿಂದ ಹೊರಡುವುದೇ ಇಲ್ಲ, ಸುಂದರಿ ಯಾರ ಜೊತೆ ಮಾತಾಡುತ್ತಿದ್ದಾಳೋ ಅನ್ನಿಸುತ್ತದೆ. ಇಯರ್‌ಫೋನ್ ಹಾಕಿದ ಮೇಲೆ ಇಬ್ಬರ ರಾಗವೂ ಒಂದರೊಳಗೊಂದು ಹೆಣೆದುಕೊಳ್ಳುವುದು ಸ್ಪಷ್ಟವಾಯಿತು. ಶಾಪ ಕಳೆದು ಮೃಗ ರಾಜಕುಮಾರನಾದಾಗ ಹಾರ್ಪ್ ಸರ್ರನೆ ಜಾರಿ, ಮೃಗದ ಆ ಒರಟು ರಾಗವೇ ಪಿಟೀಲಿನ ತಾರಸ್ವರದಲ್ಲಿ ಬರುತ್ತದೆ. ಒಂದು ಮಾತೂ ಇಲ್ಲದೆ ಕಥೆ ಮುಗಿಯಿತು.

ಹುಡುಕುವಾಗ ಪಿಯಾನೋ ರೂಪವೂ ಸಿಗುತ್ತದೆ. ಅದು ಆಮೇಲೆ, ಮೊದಲ ಸಲ ವಾದ್ಯವೃಂದದ್ದನ್ನೇ ಹಾಕಿ.