ಬಿದ್ರಿ ಅಂಗಡಿ ಕೆಲಸಕ್ಕ ಫ್ರೀ ಎಐ ಆ್ಯಪ್: ಬಳಸಿ ನೋಡಿ ಬರ್ದಿದ್ದು

ಬೀದರದಾಗ ಚೌಬಾರಾ ಕಡಿ ನಮ್ ಮಾವನವರದು ಬಿದ್ರಿ (ಕರಿ ಲೋಹದ ಮ್ಯಾಲ ಬೆಳ್ಳಿ ಕೆಲ್ಸ) ಮಾಲಿನ ಅಂಗಡಿ ಅದ, ಆನ್‌ಲೈನ್ ಹಾಕೋ ಫೋಟೋ ಕೆಳಗ ಬರ್ಯೋ ಕೆಲ್ಸ ಎಲ್ಲಾ ನಂದೇ, ಅದ್ಕ ಫೋನಿನಾಗ ಒಂದ್ ಎಐ ಚಾಟ್ ಆ್ಯಪ್ ಹಾಕ್ಕೊಂಡೀನಿ, ಫ್ರೀದೇ. ಕೆಲ್ಸಕ್ಕ ಬರ್ತದೇನು ಅಂತ ಭಾಳ ಮಂದಿ ಕೇಳ್ತಾರ. ಬರ್ತದ್ರಿ, ಆದ್ರ ಪ್ರಾಂಪ್ಟ್, ಅಂದ್ರ ಏನ್ ಬೇಕಂತ ಅದಕ್ಕ ಬರ್ದು ಹೇಳೋದು, ಸರಿ ಹಾಕ್ಬೇಕು.

"ಬಿದ್ರಿ ಹೂದಾನಿ ಬಗ್ಗೆ ಬರಿ" ಅಂತ ಅಷ್ಟೇ ಹಾಕಿದ್ರ "ನಿಮ್ಮ ಮನೆಯ ಸೌಂದರ್ಯ ಹೆಚ್ಚಿಸುವ ಅದ್ಭುತ ಕಲಾಕೃತಿ" ಅಂತ ಬರ್ತದ, ಆ ಸಾಲು ಯಾವ ಊರಿನ ಯಾವ ಹೂದಾನಿಗೂ ಹೊಂದ್ತದ. ನಾ ಹಾಕೋದು ಹಿಂಗ: "8 ಇಂಚಿನ ಹೂದಾನಿ. ಜಸ್ತ, ತಾಮ್ರ ಕೂಡ್ಸಿ ಎರಕ ಹೊಯ್ದಿದ್ದು, ಮ್ಯಾಲ ಬೆಳ್ಳಿ ತಂತಿ ಕೆಲ್ಸ. ಕರಿ ಬಣ್ಣ ಪೇಂಟ್ ಅಲ್ಲ, ಬೀದರ ಕಿಲ್ಲೆ ಮಣ್ಣು ನವಸಾಗರ ಕೂಡ್ಸಿ ಮಾಡಿದ್ದು, ಬೆಳ್ಳಿ ಮಾತ್ರ ಹಂಗೇ ಹೊಳೀತದ. ಓದೋರು ಮದುವಿ ಗಿಫ್ಟ್ ಹುಡ್ಕೋ ಬೆಂಗಳೂರು ಗಿರಾಕಿ. 60 ಶಬ್ದ ಸಾಕು. ಅದ್ಭುತ, ಅನನ್ಯ ಅನ್ನೋವು ಬ್ಯಾಡ. ನಾ ಕೊಟ್ಟಿದ್ದು ಬಿಟ್ಟು ಏನೂ ಸೇರಿಸಬ್ಯಾಡ." ಇಷ್ಟು ಕೊಟ್ರ ಬರೋದು ನಮ್ ಅಂಗಡಿ ಮಾಲಿನ ಬಗ್ಗೆನೇ ಬರ್ತದ, "ಪೇಂಟ್ ಉದುರಿ ಹೋಗ್ತದೇನ್ರಿ" ಅಂತ ಕೇಳೋ ಮೆಸೇಜ್ ಈಗ ಕಡಿಮಿ ಆಗ್ಯಾವ.

ಪ್ರಾಂಪ್ಟಿನ ಆ ಕೊನೀ ಸಾಲು ಮಾತ್ರ ಬಿಡಬ್ಯಾಡ್ರಿ, ಅದಿಲ್ದಿದ್ರ ಯಾವ್ದೋ ಸುಲ್ತಾನನ ಹೆಸ್ರು, ಇಸವಿ ತಾನೇ ಸೇರಿಸಿ ಖರೇನೇ ಇದ್ದಂಗ ಬರೀತದ. ಬಿದ್ರಿಗೆ 2006ರಾಗ ಜಿಐ ಟ್ಯಾಗ್ (ಇದು ಈ ಊರಿನದೇ ಮಾಲು ಅನ್ನೋ ಸರ್ಕಾರದ ಗುರುತು) ಸಿಕ್ಕದ, ಅಂಥಾ ಮಾಲಿನ ಮ್ಯಾಲ ಸುಳ್ಳು ಬರ್ದ್ರ ದಿನಾ ಕೂತು ಉಳಿ ಹೊಡ್ಯೋ ಕಾರೀಗರ ಹೆಸ್ರೇ ಕೆಡ್ತದ. ಸಾಲು ಹಾಕಿದ್ರೂ ಪೂರ್ತಿ ಓದೇ ಪೋಸ್ಟ್ ಮಾಡ್ರಿ.

ಮೊದಲ ಉತ್ತರ ಹಿಡಿಸ್ಲಿಲ್ಲಂದ್ರ ಹೊಸಾ ಚಾಟ್ ಬ್ಯಾಡ, ಅಲ್ಲೇ "ಎರಡನೇ ಸಾಲು ಸಣ್ಣದು ಮಾಡು, ಗಿಫ್ಟ್ ಮಾತು ಮೊದ್ಲ ತಾ" ಅಂದ್ರ ಸಾಕು.

ಇಂಗ್ಲಿಷ್, ಹಿಂದಿ ಛಂದ ಬರೀತದ. ಕನ್ನಡ ಅಂದ್ರ ಪಠ್ಯಪುಸ್ತಕದ್ದು, ನಮ್ ಹಳೇ ಪೋಸ್ಟ್ ಎರಡ್ಮೂರು ಪೇಸ್ಟ್ ಮಾಡಿ "ಇದೇ ಧಾಟಿಯಾಗ" ಅಂದ್ರ ಸ್ವಲ್ಪ ಹತ್ರ ಬರ್ತದ, ಆದ್ರ ಒಂದ್ ಸಾಲಿನಾಗ "ಅದ" ಇನ್ನೊಂದ್ರಾಗ "ಇದೆ", ಹಂಗಾಗಿ ನಾನೇ ತಿದ್ದಬೇಕಾಗ್ತದ. 5ಕ್ಕ 4 ಸ್ಟಾರ್, ಒಂದು ಕಡಿಮಿ ಮಾಡಿದ್ದು ಈ ಕನ್ನಡದ ಸಲುವಾಗಿ.