ಗೋಡೆಗೆ ತೂಗುಹಾಕುವ ಮರದ ಶಿಲುಬೆ: ನೋವನ್ನು ಮರೆಮಾಡದ ಕೆಲಸ

ಮನೆಯ ಪ್ರಾರ್ಥನೆಯ ಮೂಲೆಗೆಂದು ತರಿಸಿಕೊಂಡ ಈ ಶಿಲುಬೆ ಸುಮಾರು ಒಂದು ಮೊಳ ಎತ್ತರವಿದ್ದು, ಕಡುಗಂದು ಮರದ ಮೇಲೆ ಎರಕದ ಹಿತ್ತಾಳೆಯ ಯೇಸುವಿನ ಮೂರ್ತಿಯನ್ನು ಕೂರಿಸಲಾಗಿದೆ. ತಲೆ ಬಲಭುಜದತ್ತ ವಾಲಿದೆ, ಪಕ್ಕೆಲುಬುಗಳು ಎದ್ದು ಕಾಣುತ್ತವೆ, ಒಂದರ ಮೇಲೊಂದು ಇರಿಸಿದ ಪಾದಗಳನ್ನು ಒಂದೇ ಮೊಳೆ ಹಿಡಿದಿದೆ. ಅಲಂಕಾರಕ್ಕೆಂದೇ ಮಾಡಿದ ನುಣುಪಾದ ಶಿಲುಬೆಗಳನ್ನು ನೋಡಿ ಬೇಸತ್ತಿದ್ದ ನನಗೆ ಈ ಪ್ರಾಮಾಣಿಕತೆಯೇ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾಯಿತು.

ಏಕೆಂದರೆ ರೋಮನ್ನರ ಕಾಲದಲ್ಲಿ ಶಿಲುಬೆಯು ಗುಲಾಮರನ್ನೂ ದಂಗೆಕೋರರನ್ನೂ ಜನರ ಕಣ್ಣೆದುರೇ ಅವಮಾನಿಸಿ ಕೊಲ್ಲುವ ಸಾಧನವಾಗಿತ್ತು. ರೋಮಿನ ಪ್ಯಾಲಟೈನ್ ಗುಡ್ಡದಲ್ಲಿ ದೊರೆತ ಪ್ರಾಚೀನ ಗೋಡೆಗೀಚೊಂದರಲ್ಲಿ, ಶಿಲುಬೆಗೇರಿದ ಕತ್ತೆತಲೆಯ ಮನುಷ್ಯನ ಮುಂದೆ ಒಬ್ಬ ಕೈಯೆತ್ತಿ ನಿಂತಿರುವ ಚಿತ್ರವಿದ್ದು, ಅಲೆಕ್ಸಮೆನೋಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ ಎಂದು ಕ್ರಿಸ್ತನ ಭಕ್ತನನ್ನು ಹಂಗಿಸುವ ಬರಹವೂ ಇದೆ. ಕ್ರಿಸ್ತನು ಶಿಲುಬೆಗೇರಿದನೆಂಬ ಸಾರೋಣವು ಯೆಹೂದ್ಯರಿಗೆ ಅಡ್ಡಿ, ಅನ್ಯರಿಗೆ ಹುಚ್ಚುತನ, ಕರೆಯಲ್ಪಟ್ಟವರಿಗೆ ದೇವರ ಶಕ್ತಿ ಎಂದು ಕ್ರಿಸ್ತನ ಅಪೊಸ್ತಲನಾದ ಪೌಲನು ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದದ್ದು ಇಂಥ ಲೋಕದಲ್ಲಿಯೇ. ಆ ಅವಮಾನವನ್ನು ಅಳಿಸಿಬಿಟ್ಟರೆ ಶಕ್ತಿಯ ಮಾತಿಗೂ ಅರ್ಥ ಉಳಿಯುವುದಿಲ್ಲ.

ಮೇಲಿನ ಪುಟ್ಟ ಫಲಕದ ಕೆಲಸ ಬಹಳ ಅಚ್ಚುಕಟ್ಟಾಗಿದೆ. ನಜರೇತಿನ ಯೇಸು, ಯೆಹೂದ್ಯರ ಅರಸನು ಎಂಬುದರ ನಾಲ್ಕು ಲ್ಯಾಟಿನ್ ಆದ್ಯಕ್ಷರಗಳು ದೂರದಿಂದಲೂ ಸ್ಪಷ್ಟವಾಗಿ ಕಾಣುತ್ತವೆ. ಮರಣದಂಡನೆ ವಿಧಿಸಿದ ರೋಮನ್ ಅಧಿಪತಿ ಪಿಲಾತನು ಅಪರಾಧಿಯ ತಲೆಯ ಮೇಲೆ ಬರೆಸಿ ಹಚ್ಚಿಸಿದ ಆಪಾದನೆಯೇ ವಿಶ್ವಾಸಿಗಳ ನಂಬಿಕೆಯ ಘೋಷಣೆಯಾಗಿ ನಿಂತಿರುವುದನ್ನು ಪ್ರತಿದಿನ ಕಣ್ಣಾರೆ ಕಾಣುವುದು ಸಣ್ಣ ಸಂಗತಿಯಲ್ಲ.

ಹಾಸಿಗೆ ಹಿಡಿದವರ ಆರೈಕೆ ಮಾಡುತ್ತಾ, ರಾತ್ರಿ ಎರಡನೆಯ ಸಲ ಹೊದಿಕೆ ಬದಲಿಸಲು ಏಳುವಾಗ ಕಣ್ಣು ತಾನಾಗಿಯೇ ಇದರತ್ತ ಹೋಗುತ್ತದೆ. ದಿನಾಲೂ ಶಿಲುಬೆಯನ್ನು ಹೊತ್ತುಕೊಂಡು ನನ್ನನ್ನು ಹಿಂಬಾಲಿಸಲಿ ಎಂಬ ಲೂಕನ ಸುವಾರ್ತೆಯ ಮಾತು (9:23) ಇಂಥ ಯಾರೂ ಕಾಣದ, ಪ್ರೀತಿಯಿಂದ ಒಪ್ಪಿಕೊಂಡ ಕೆಲಸಕ್ಕೆ ಹೊಂದುತ್ತದೆ. ಆದರೆ ಹೊಡೆತ ತಿನ್ನುತ್ತಿರುವ ಹೆಂಡತಿಗೆ, ಇದು ನಿನ್ನ ಶಿಲುಬೆ, ಸಹಿಸಿಕೋ ಎನ್ನುವವರು ಈ ಮಾತನ್ನು ಕೆಡಿಸುತ್ತಾರೆ. ತನ್ನ ಪ್ರಾಣವನ್ನು ತಾನೇ ಕೊಟ್ಟವನ ಶಿಲುಬೆಯನ್ನು ಮತ್ತೊಬ್ಬರ ಬೆನ್ನಿಗೆ ಹೇರುವ ಅಧಿಕಾರ ಯಾರಿಗೂ ಇಲ್ಲ.

ಕೊರತೆಗಳೂ ಇವೆ. ತಲೆಯ ಹಿಂದೆ ಅಂಟಿಸಿರುವ ಚಿನ್ನದ ಬಣ್ಣದ ಕಿರಣಗಳು ಉಳಿದ ಕೆಲಸಕ್ಕೆ ಹೊಂದದೆ, ಪುನರುತ್ಥಾನದ ಮಹಿಮೆಯನ್ನು ಅವಸರದಲ್ಲಿ ತಂದು ಸಿಕ್ಕಿಸಿದಂತೆ ತೋರುತ್ತವೆ. ಹಿಂಬದಿಯ ಕೊಂಡಿಯನ್ನು ನಡುವಿಗೆ ಸರಿಯಾಗಿ ಕೂರಿಸದ ಕಾರಣ ಶಿಲುಬೆ ಸ್ವಲ್ಪ ಎಡಕ್ಕೆ ವಾಲುತ್ತದೆ. ಗೋಡೆಗೆ ಅಂದವಾದ ವಸ್ತು ಬೇಕೆನ್ನುವವರಿಗೆ ಇದನ್ನು ಕೊಳ್ಳಿರೆಂದು ಹೇಳಲಾರೆ. ಪ್ರಾರ್ಥನೆಗೆ ಬೇಕೆನ್ನುವವರು ನಿಸ್ಸಂಶಯವಾಗಿ ಕೊಳ್ಳಬಹುದು. ಮೂರ್ತಿಯ ತೂಕ ಹೆಚ್ಚಿರುವುದರಿಂದ ಕೊಂಡಿಯನ್ನು ಬಿಚ್ಚಿ, ಗಟ್ಟಿಯಾದ ಬೇರೊಂದನ್ನು ತಿರುಪಿನಿಂದ ಬಿಗಿದ ಮೇಲೆಯೇ ತೂಗುಹಾಕುವುದು ಒಳ್ಳೆಯದು.