ಜಲವರ್ಣವೋ, ಹಸೆ ಚಿತ್ತಾರವೋ?

ಸಾಗರ, ಸೊರಬದ ಕಡೆ ಇದ್ದು ಚಿತ್ರ ಕಲಿಯಬೇಕು ಅಂತಿದ್ದರೆ ನನ್ನ ಓಟು ಇಲ್ಲಿನ ಗೋಡೆ ಚಿತ್ರಕಲೆಯಾದ ಹಸೆ ಚಿತ್ತಾರಕ್ಕೆ.

ಜಲವರ್ಣಕ್ಕೆ ಎಲ್ಲಾ ಅಂಗಡಿಯಿಂದಲೇ ಬರಬೇಕು. ಒಳ್ಳೆ ಪೇಪರ್ ದುಬಾರಿ. ಮಳೆಗಾಲದಲ್ಲಿ ಬಣ್ಣ ಬೇಗ ಒಣಗುವುದೂ ಇಲ್ಲ. ಆತುರಪಟ್ಟರೆ ಒಂದರೊಳಗೊಂದು ಹರಡುತ್ತದೆ. ಆದರೆ ಗುಡ್ಡದ ಮೇಲಿನ ಮಂಜು ಬರೆಯಲು ಅದೇ ಚೆಂದ.

ಚಿತ್ತಾರ ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳ ಕಲೆ. ಮದುವೆ ಮನೆಯ ಗೋಡೆಯಲ್ಲಿ ಬೆಳೆದದ್ದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಕಪ್ಪಾಗುವಷ್ಟು ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಬ್ರಶ್ ಅಂದರೆ ಪುಂಡಿ ನಾರು. ಅದನ್ನು ಬಣ್ಣದಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಗೆರೆ ಎಳೆಯಬೇಕು. ಕೈ ಪಳಗಲು ತಾಳ್ಮೆ ಜಾಸ್ತಿ ಬೇಕು. ಕಲಿಸುವ ಅಜ್ಜಿಯೋ ಅತ್ತಿಗೆಯೋ ಹತ್ತಿರದ ಊರಲ್ಲೇ ಇರಬಹುದು, ಕೇಳಿ ನೋಡಿ.

ಕಣ್ಣೆದುರಿನ ಕಾಡು, ತೋಟವನ್ನು ಕಂಡ ಹಾಗೇ ಬರೆಯುವ ಆಸೆಯಿದ್ದರೆ ಜಲವರ್ಣವನ್ನೇ ಹಿಡಿಯಿರಿ.